ಕಟ್ಟೆಯೂ ಕೋಡಿಯೂ



ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ ಏಲೂರು. ೨೦೧೮ರ ಆಗಸ್ಟ್ ೯ರಂದು, ೨೬ ವರ್ಷಗಳ ಬಳಿಕ, ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲನ್ನು ಎತ್ತಲಾಯಿತು. ಮರುದಿನ ಐದು ಬಾಗಿಲುಗಳೂ ತೆರೆದವು. ಜಲಾಶಯವು ತುಂಬುತ್ತ ಬಂದಿತ್ತು, ಮಳೆಯೂ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಏಲೂರಿನ ಮನೆಗಳಿಗೆ ನೀರು ನುಗ್ಗಿತು. ನೀರನ್ನು ತಡೆಯಲು ಕಟ್ಟೆ ಬೇಕು. ಕಟ್ಟೆಯು ಉಳಿಯಲು ಕೋಡಿಯು ಸಕಾಲದಲ್ಲಿ ಹರಿಯಬೇಕು.

ಅವು ಶಾಕವ್ರತದ ದಿನಗಳು. ನಮಗೆ ವ್ರತನಿಯಮವು ಕಟ್ಟೆ, ದಾನವು ಕೋಡಿ. ದಾನವಿಲ್ಲದ ನಿಯಮದಿಂದ ಅಹಂಕಾರವೇ ತುಂಬುವುದು. ಆದುದರಿಂದ ನಾವು ಬಿಟ್ಟ ತರಕಾರಿಯ ಬೆಲೆಯನ್ನು ಕಾರ್ತಿಕದವರೆಗೆ ಕೂಡಿಡದೆ, ಆ ತಿಂಗಳಲ್ಲೇ ನದೀತೀರದ ಬಡಕುಟುಂಬಕ್ಕೆ ಸಲ್ಲಿಸೋಣ. ಮಕ್ಕಳ ಪುಸ್ತಕ, ಹಾಸಿಗೆಗಳನ್ನು ಮೇಲಿಡಲು ಅಟ್ಟವೊಂದಕ್ಕೆ ಅದು ನೆರವಾದೀತು.

ಶ್ರೀಕೃಷ್ಣಾರ್ಪಣಮಸ್ತು.