ಬೀಜದ ಪೊಟ್ಟಣದ ಮೇಲಿನ ದಿನಾಂಕ

ವ್ಯಾಪಾರ ಬೆಳೆಯಬೇಕೆಂದು ಬಯಸುವುದು ತಪ್ಪಲ್ಲ. ಧರ್ಮಸಮ್ಮತವಾದ ದುಡಿಮೆಯನ್ನು ಇಸ್ಲಾಮ್ ಗೌರವಿಸಿದೆ. ಪ್ರವಾದಿ ಮುಹಮ್ಮದ್(ಸ)ರು ಸ್ವತಃ ವ್ಯಾಪಾರ ಮಾಡಿದವರು. ಆದರೆ ಒಂದು ಅಂಗಡಿ ನೂರಾಗುವಾಗ, ಒಂದು ಉದ್ದಿಮೆ ಹತ್ತಾಗುವಾಗ, ಅದರ ಒಡೆಯನ ಹೊಣೆಗಾರಿಕೆಯೂ ಅಷ್ಟೇ ಬೆಳೆಯುತ್ತದೆಯೇ? ಅಥವಾ ಲಾಭ ಮಾತ್ರ ಮುಂದೆ ನಡೆದು ಹೊಣೆ ಹಿಂದೆಯೇ ಉಳಿದುಬಿಡುತ್ತದೆಯೇ? ಓದುಗರೇ, ಒಂದು ಕುಟುಂಬದ ಕಥೆಯನ್ನು ಮುಂದಿಟ್ಟುಕೊಂಡು ಈ ಬಗ್ಗೆ ಆಲೋಚಿಸೋಣ.

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಿಂದ ವಲಸೆ ಬಂದ ಚಿಯಾ ಎಕ್‌ಚೊ ಎಂಬವರು 1921ರಲ್ಲಿ ತಮ್ಮ ಸಹೋದರನೊಂದಿಗೆ ಥಾಯ್ಲೆಂಡಿನ ಬ್ಯಾಂಕಾಕ್‌ನಲ್ಲಿ ತರಕಾರಿ ಬೀಜಗಳ ಪುಟ್ಟ ಅಂಗಡಿ ತೆರೆದರು. ಬೀಜದ ಗುಣ ಕಣ್ಣಿಗೆ ಕಾಣುವಂಥದ್ದಲ್ಲ. ಮೊಳಕೆಯ ಶಕ್ತಿ ಕಳಕೊಂಡ ಹಳೆಯ ಬೀಜವೂ ಹೊಸದರಂತೆಯೇ ತೋರುತ್ತದೆ. ಬಿತ್ತಿದ ಮೇಲೆಯೇ ರೈತನಿಗೆ ಮೋಸ ತಿಳಿಯುವುದು. ಅಷ್ಟರಲ್ಲಿ ಆ ಸಲದ ಮಳೆ ಕೈತಪ್ಪಿರುತ್ತದೆ. ಎಕ್‌ಚೊ ತಮ್ಮ ಬೀಜದ ಪೊಟ್ಟಣಗಳ ಮೇಲೆ, ಇಂಥ ದಿನದ ಬಳಿಕ ಇದನ್ನು ಬಳಸಬಾರದೆಂಬ ದಿನಾಂಕವನ್ನು ಮುದ್ರಿಸುತ್ತಿದ್ದರೆಂದು ಅವರ ಮಗ ಧನಿನ್ ನೆನಪಿಸಿಕೊಂಡಿದ್ದಾರೆ.

ಇದನ್ನು ಓದಿದಾಗ ಮದೀನದ ಪೇಟೆಯ ಘಟನೆಯೊಂದು ನೆನಪಾಗುತ್ತದೆ. ಧಾನ್ಯದ ರಾಶಿಯೊಂದರ ಬಳಿ ಬಂದ ಪ್ರವಾದಿವರ್ಯರು(ಸ) ಅದರೊಳಗೆ ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲವೆಂದೂ ಎಚ್ಚರಿಸಿದರು. ಧಾನ್ಯ ನೆನೆದುದು ಅವನ ತಪ್ಪಾಗಿರಲಿಲ್ಲ, ಅದನ್ನು ಅಡಗಿಸಿದ್ದು ತಪ್ಪಾಗಿತ್ತು. ಪೊಟ್ಟಣದ ಮೇಲಿನ ದಿನಾಂಕವೆಂದರೆ ತೇವವಾದ ಧಾನ್ಯವನ್ನು ಮೇಲಿಡುವ ಕೆಲಸವೇ ಅಲ್ಲವೇ?

ಆ ಬೀಜದಂಗಡಿ ಬೆಳೆಯಿತು. ಮಕ್ಕಳ ಕಾಲದಲ್ಲಿ ಪಶು ಆಹಾರದ ಉದ್ದಿಮೆ ಬಂತು. 1970ರ ದಶಕದಲ್ಲಿ ಅಮೆರಿಕದ ತಳಿ ಕಂಪೆನಿಯೊಂದರ ಜೊತೆಗೂಡಿ ಕೋಳಿ ಸಾಕಣೆ ಬೃಹತ್ತಾಗಿ ಆರಂಭವಾಯಿತು. ಇಂದು ಅದರ ಹೆಸರು ಚರೋನ್ ಪೋಕ್‌ಫಾಂಡ್, ಚಿಕ್ಕದಾಗಿ ಸಿ.ಪಿ. 1989ರಲ್ಲಿ ಅದು ಥಾಯ್ಲೆಂಡಿನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳನ್ನು ತೆರೆಯತೊಡಗಿತು. 1990ರ ದಶಕದಲ್ಲಿ ಬ್ಯಾಂಕಾಕ್ ಪ್ರದೇಶಕ್ಕೆ 20 ಲಕ್ಷ ದೂರವಾಣಿ ಸಂಪರ್ಕ ಒದಗಿಸುವ ಕೆಲಸವೂ ಅದರ ಪಾಲಿಗೆ ಬಂತು. 1997ರ ಆರ್ಥಿಕ ಕುಸಿತದ ಬಳಿಕ ಲೋಟಸ್ ಎಂಬ ತನ್ನ ಮಳಿಗೆಗಳನ್ನು ಬ್ರಿಟನ್ನಿನ ಟೆಸ್ಕೋ ಕಂಪೆನಿಗೆ ಬಿಟ್ಟುಕೊಡಬೇಕಾಯಿತು. 2020ರಲ್ಲಿ ಸಾವಿರ ಕೋಟಿ ಡಾಲರಿಗೂ ಮಿಕ್ಕಿದ ಬೆಲೆ ತೆತ್ತು ಅವನ್ನು ಮರಳಿ ಪಡೆಯಿತು.

ಈ ಬೆಳವಣಿಗೆಯ ಅಡಿಪಾಯದಲ್ಲಿ ಸಾವಿರಾರು ರೈತರಿದ್ದಾರೆ. ಕಂಪೆನಿ ಮರಿ, ಆಹಾರ, ಔಷಧಿ ಕೊಡುತ್ತದೆ. ರೈತ ಶೆಡ್ ಕಟ್ಟಿ ಸಾಕಿಕೊಡುತ್ತಾನೆ. ಬೇರೆ ಬೇರೆ ಕಂಪೆನಿಗಳ ಇಂಥದೇ ಒಪ್ಪಂದದಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲೂ ಕೋಳಿ ಬೆಳೆಯುತ್ತಿದೆ. ಇದರಿಂದ ರೈತನಿಗೆ ಲಾಭವಿದೆ, ಸಂಶಯವಿಲ್ಲ. ಪೇಟೆಯ ದರ ಕುಸಿದರೂ ಸಾಕಿದ ಕೂಲಿ ಅವನಿಗೆ ಸಿಗುತ್ತದೆ. ಆದರೆ ಮುಂದಿನ ಬ್ಯಾಚಿನ ಮರಿ ಬಾರದೆ ಶೆಡ್ ಖಾಲಿ ಬಿದ್ದರೆ? ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ. ಇಸ್ಲಾಮೀ ಸಂಹಿತೆಯ 'ಮುಳಾರಬ' ಪಾಲುದಾರಿಕೆಯಲ್ಲಿ ನಷ್ಟವಾದರೆ ಹಣ ಹೂಡಿದವನು ಹಣ ಕಳಕೊಳ್ಳುತ್ತಾನೆ, ದುಡಿದವನು ತನ್ನ ದುಡಿಮೆಯನ್ನು ಮಾತ್ರ ಕಳಕೊಳ್ಳುತ್ತಾನೆ. ಇಲ್ಲಿಯಾದರೋ ರೈತನದು ದುಡಿಮೆಯೂ ಹೌದು, ಸಾಲ ಮಾಡಿ ತಂದ ಹಣವೂ ಹೌದು. ಹಾಗಿರುವಾಗ ಖಾಲಿ ಶೆಡ್ಡಿನ ಭಾರವನ್ನು ಅವನೊಬ್ಬನ ಹೆಗಲಿಗೇ ಬಿಡುವುದು ನ್ಯಾಯವೇ?

ಇನ್ನೂ ಕಠಿಣವಾದ ಪ್ರಶ್ನೆಯೊಂದು 2014ರ ಜೂನ್‌ನಲ್ಲಿ ಎದುರಾಯಿತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಒಂದು ತನಿಖಾ ವರದಿ ಪ್ರಕಟಿಸಿತು. ಮ್ಯಾನ್ಮಾರ್ ಮತ್ತು ಕಾಂಬೋಡಿಯದ ಬಡ ವಲಸಿಗರನ್ನು ಮೀನುಗಾರಿಕಾ ದೋಣಿಗಳಿಗೆ ಮಾರಲಾಗುತ್ತಿತ್ತು. ಸಂಬಳವಿಲ್ಲದೆ, ಹೊಡೆತ ತಿನ್ನುತ್ತಾ ಅವರು ಸಮುದ್ರದಲ್ಲಿ ದುಡಿಯಬೇಕಿತ್ತು. ಅಂಥ ದೋಣಿಗಳು ಹಿಡಿದ ಮೀನು ಪುಡಿಯಾಗಿ, ಸಿ.ಪಿ.ಯ ಆಹಾರ ಕಂಪೆನಿಯ ಸಿಗಡಿಗಳ ಮೇವಿಗೆ ಸೇರುತ್ತಿತ್ತೆಂದು ಆ ವರದಿ ಹೇಳಿತು. ಕಂಪೆನಿ ಗುಲಾಮಗಿರಿಯನ್ನು ಖಂಡಿಸಿತು, ತನಗೆ ಮೀನುಪುಡಿ ಬರುವ ದಾರಿಯನ್ನು ತಪಾಸಣೆಗೊಳಪಡಿಸಿತು. ದೋಣಿಗಳು ಕಂಪೆನಿಯವಾಗಿರಲಿಲ್ಲ, ಆ ನಿರ್ದಯಿಗಳನ್ನು ನೇಮಿಸಿದ್ದೂ ಅದಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು.

ಆದರೂ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಬೀಜದಂಗಡಿಯ ಯಜಮಾನನಿಗೆ ತನ್ನ ಪೊಟ್ಟಣದೊಳಗೆ ಏನಿದೆಯೆಂದು ಗೊತ್ತಿತ್ತು. ಸಾಮ್ರಾಜ್ಯದಷ್ಟು ಬೆಳೆದ ಉದ್ದಿಮೆಯಲ್ಲಿ, ಒಳಗೆ ಏನಿದೆಯೆಂಬುದು ಒಡೆಯನಿಗೇ ತಿಳಿಯದೆ ಹೋಗುತ್ತದೆ. ರಾಶಿ ಎಷ್ಟು ದೊಡ್ಡದಾಗುತ್ತದೋ ತೇವ ಅಷ್ಟು ಆಳದಲ್ಲಿ ಅಡಗುತ್ತದೆ. ಹಾಗಾದರೆ "ನನಗೆ ಗೊತ್ತಿರಲಿಲ್ಲ" ಎಂಬುದು ಉತ್ತರವಾದೀತೇ? ತಿಳಿಯುವ ಸಾಧ್ಯತೆಯೇ ಇಲ್ಲದವನಿಗೆ ಅದು ನಿಜವಾದ ಉತ್ತರ. ಆದರೆ ದೂರದ ಸರಕಿನ ಬೆಲೆಯನ್ನು ಪೈಸೆ ಪೈಸೆ ಲೆಕ್ಕ ಹಾಕಬಲ್ಲವನು, ಆ ಸರಕು ಯಾರ ಕೈಯಿಂದ ಬಂತೆಂದು ವಿಚಾರಿಸಲೂ ಬಲ್ಲನಲ್ಲವೇ? ಯೂಫ್ರೆಟಿಸ್ ನದಿಯ ದಡದಲ್ಲಿ ಒಂದು ಪ್ರಾಣಿ ಸತ್ತರೂ ತಾನು ಉತ್ತರಿಸಬೇಕಾದೀತೆಂದು ಮದೀನದಲ್ಲಿದ್ದ ಖಲೀಫ ಉಮರ್(ರ) ಭಯಪಡುತ್ತಿದ್ದರು. ಅಧಿಕಾರ ಎಲ್ಲಿಯ ವರೆಗೆ ಹಬ್ಬಿದೆಯೋ ಅಲ್ಲಿಯ ವರೆಗೆ ವಿಚಾರಣೆಯೂ ಇದೆ ಎಂಬುದು ಅವರ ನಿಲುವಾಗಿತ್ತು. ಉದ್ಯಮಿಯ ಮಟ್ಟಿಗೆ ಹೇಳುವುದಾದರೆ, ಲಾಭ ಎಲ್ಲಿಂದ ಬರುತ್ತದೋ ಅಲ್ಲಿಯ ವರೆಗೆ ಹೊಣೆಯೂ ಇದೆ.

ಇದು ದೂರದ ಶ್ರೀಮಂತರ ಕಥೆಯೆಂದು ಪುಟ ಮಗುಚಬೇಡಿ. ತಂದೆಯ ಕೋಳಿ ಅಂಗಡಿಗೆ ಮಗ ಒಂದು ಟೆಂಪೋ ಸೇರಿಸುತ್ತಾನೆ, ಆಮೇಲೆ ಒಂದು ಹೋಟೆಲು, ಬಳಿಕ ತಮ್ಮನಿಗೊಂದು ಫ್ಯಾನ್ಸಿ ಅಂಗಡಿ. ತಂದೆ ತಕ್ಕಡಿಯನ್ನು ತಾನೇ ಹಿಡಿಯುತ್ತಿದ್ದ; ಇಂದು ಅದನ್ನು ಹಿಡಿದವನ ಹೆಸರೂ ಮಗನಿಗೆ ನೆನಪಿಲ್ಲ. ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಹುಡುಗ ಯಾವ ಊರಿನವನು, ಅವನ ಸಂಬಳ ಅವನ ಕೈಗೇ ಸೇರುತ್ತಿದೆಯೇ ಎಂದು ನೀವು ಕೊನೆಯ ಬಾರಿ ಕೇಳಿದ್ದು ಯಾವಾಗ?

ಬೆಳೆಯಿರಿ, ನಾಲ್ಕು ಮನೆಗಳಿಗೆ ಅನ್ನ ದೊರಕಲಿ. ಆದರೆ ಹೊಸ ಮಳಿಗೆಯ ಬಾಗಿಲು ತೆರೆಯುವ ಮುನ್ನ ಹಳೆಯ ರಾಶಿಯೊಳಗೆ ಒಮ್ಮೆ ಕೈ ಹಾಕಿ ನೋಡಿ. ತೇವ ಸಿಕ್ಕಿದರೆ ಮೇಲಿಡಿ. ಇಂದು ನಾವೇ ಕೈ ಹಾಕಿ ನೋಡುವುದು, ನಾಳೆ ಅಲ್ಲಾಹನ ಮುಂದೆ ಆ ರಾಶಿ ತೆರೆದುಕೊಳ್ಳುವುದಕ್ಕಿಂತ ಎಷ್ಟೋ ಹಗುರ.