ಜಾಮ್ ಆದ ಸೀಟು



*ಇಂದಿನ ಚಿಂತನೆ: ಸಮ್ಮಾ ವಾಯಾಮ*

ಅಂಬಾಸಿಡರ್ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಅಪ್ಪನ ಕಾಲದ ಆ ಕಾರನ್ನು ಜತನದಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಅಂಥ ಹಳೇ ಕಾರುಗಳಲ್ಲಿ ಒಂದು ತೊಂದರೆ ಸಾಮಾನ್ಯ. ಎಂಜಿನ್ ಸರಿಯಿದೆ, ಬ್ರೇಕ್ ಸರಿಯಿದೆ, ಆದರೆ ಸೀಟು ಮುಂದಕ್ಕೆ ಸರಿಯದು. ಅಪ್ಪನ ಅಳತೆಗೆ ನಿಂತುಬಿಟ್ಟಿದೆ. ಮಗಳು ಕೂತರೆ ಕಾಲು ಬ್ರೇಕಿಗೆ ಎಟುಕುವುದಿಲ್ಲ.

ಏಕೆ ಹೀಗಾಗುತ್ತದೆ? ಸೀಟಿನ ಕೆಳಗೆ ಎರಡೂ ಬದಿಯಲ್ಲಿ ಒಂದರ ಮೇಲೊಂದು ಜಾರುವ ಉಕ್ಕಿನ ಹಳಿಗಳಿವೆ. ವರ್ಷಗಟ್ಟಲೆ ಒಬ್ಬರೇ ಓಡಿಸಿದರೆ ಸೀಟು ಸರಿಸುವ ಪ್ರಮೇಯವೇ ಬರದು. ಮ್ಯಾಟಿನ ಕೆಳಗೆ ತೇವ ನಿಲ್ಲುತ್ತದೆ, ಧೂಳು ಸೇರುತ್ತದೆ, ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗುತ್ತದೆ, ತುಕ್ಕು ಹಿಡಿಯುತ್ತದೆ. ಯಾರೂ ಬಂದು ಕೆಡಿಸಿದ್ದಲ್ಲ.

ಧಮ್ಮಪದದ ಮಲವಗ್ಗದಲ್ಲಿ, 240ನೇ ಗಾಥೆಯಲ್ಲಿ, ಭಗವಾನ್ ಬುದ್ಧರು ಕಬ್ಬಿಣದ ತುಕ್ಕನ್ನೇ ಉಪಮೆಯಾಗಿ ಬಳಸಿದ್ದಾರೆ. ಅಟ್ಠಕಥೆಯ ಪ್ರಕಾರ ಅದರ ಸಂದರ್ಭ ಹೀಗಿದೆ: ತಿಸ್ಸನೆಂಬ ಭಿಕ್ಷು ಒಳ್ಳೆಯ ಚೀವರವೊಂದಕ್ಕೆ ಮನಸೋತ. ಅದನ್ನು ಧರಿಸುವ ಮೊದಲೇ ತೀರಿಕೊಂಡು ಅದರಲ್ಲೇ ಹೇನಾಗಿ ಹುಟ್ಟಿದ. ಅಂಟು ಎಲ್ಲಿಯೋ, ವಾಸವೂ ಅಲ್ಲೇ!

ಈಗ ಸೀಟನ್ನು ಬಿಡಿಸುವ ಬಗೆ ನೋಡೋಣ. ಸಿಟ್ಟಿನಿಂದ ಲಿವರ್ ಎಳೆದರೆ ಲಿವರೇ ಮುರಿದೀತು. ಒಂದೇ ಬದಿ ತಳ್ಳಿದರೆ ಸೀಟು ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ಬೆಂಕಿಯಿಂದ ಕಾಯಿಸಿದರೆ ಫೋಮಿಗೆ ಹತ್ತಿಕೊಂಡೀತು. ಬಲ್ಲ ಮೆಕ್ಯಾನಿಕ್ ಮೊದಲು ಕಸ ತೆಗೆಯುತ್ತಾನೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುತ್ತಾನೆ. ಮರದ ಸುತ್ತಿಗೆಯಿಂದ ಎರಡೂ ಬದಿ ಮೆಲ್ಲಗೆ ತಟ್ಟುತ್ತಾನೆ. ಕೂದಲೆಳೆಯಷ್ಟು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ. ಪೂರ್ತಿ ಬಿಟ್ಟ ಮೇಲೆ ಸೀಟು ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ತೆಳುವಾಗಿ ಹೊಸ ಗ್ರೀಸ್ ಸವರುತ್ತಾನೆ.

ಸಮ್ಯಕ್ ಪ್ರಯತ್ನದ ನಾಲ್ಕು ಮುಖಗಳೂ ಇಲ್ಲಿವೆ. ಬಂದಿರುವ ಮಲವನ್ನು ತೆಗೆಯುವುದು, ಹೊಸದು ಬರದಂತೆ ತಡೆಯುವುದು, ಇಲ್ಲದ ಒಳಿತನ್ನು ತರುವುದು, ತಂದದ್ದನ್ನು ಕಾಪಾಡುವುದು.

ಕೊನೆಯ ಪರೀಕ್ಷೆಯೇ ಮುಖ್ಯ. ಸೀಟು ಸರಿದರೆ ಸಾಲದು, ಸರಿಸಿದಲ್ಲಿ ಲಾಕ್ ಬೀಳಬೇಕು. ಓಡುವಾಗ ಸೀಟು ಜಾರಿದರೆ ಪ್ರಾಣಕ್ಕೇ ಅಪಾಯ. ಹಾಗೆಯೇ ಅಭಿಪ್ರಾಯದ ಹಟ ಬಿಡುವುದೆಂದರೆ ಎಲ್ಲವನ್ನೂ ಸಡಿಲ ಬಿಡುವುದಲ್ಲ. ಅಭಿಪ್ರಾಯ ಸರಿಯಬೇಕು, ಪಂಚಶೀಲ ಗಟ್ಟಿಯಾಗಿ ನಿಲ್ಲಬೇಕು.

*ಇಂದಿನ ಅಭ್ಯಾಸ:* ತಮ್ಮನ ಬಗ್ಗೆಯೋ, ಸೊಸೆಯ ಬಗ್ಗೆಯೋ, ಹಳೇ ಸ್ನೇಹಿತನ ಬಗ್ಗೆಯೋ ಎಷ್ಟೋ ವರ್ಷದಿಂದ ಅಲುಗಾಡದ ಒಂದು ಅಭಿಪ್ರಾಯ ನಿಮ್ಮಲ್ಲಿರಬಹುದು. ಅದನ್ನು ಇವತ್ತೇ ಕಿತ್ತೊಗೆಯಬೇಕಿಲ್ಲ. ಒಂದು ಫೋನ್ ಮಾಡಿ, ಎದುರುತ್ತರ ಕೊಡದೆ ಐದು ನಿಮಿಷ ಕೇಳಿಸಿಕೊಳ್ಳಿ. ಇಂದಿನ ಎಣ್ಣೆ ಅಷ್ಟು ಸಾಕು. ನಾಳೆ ಮತ್ತೆ.

ಭವತು ಸಬ್ಬ ಮಂಗಲಂ 🪷