ಗಾಯಕ್ಕೆ ಎಣ್ಣೆ, ಗಾಯಾಳುವಿಗೆ ಛತ್ರ

ಯುವಜನರ ಶಿಬಿರ, ಪಾಳ್ಯ. ಎರಡನೇ ದಿನದ ಸಂದೇಶದ ಬರಹರೂಪ
ವಾಕ್ಯಭಾಗ: ಲೂಕ 10:25–37

ಬೆಂಗಳೂರಿನಿಂದ ನಿನ್ನೆ ರಾತ್ರಿ ಬಸ್ಸಲ್ಲಿ ಬಂದವರಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ ಅನ್ಸತ್ತೆ. ಪರವಾಗಿಲ್ಲ, ನಿದ್ದೆ ಬಗ್ಗೆನೂ ಇವತ್ತು ಮಾತಾಡೋದಿದೆ.

ಒಳ್ಳೆಯ ಸಮಾರ್ಯದವನ ಕಥೆ ಸಂಡೇ ಸ್ಕೂಲಿನಿಂದ ನಿಮಗೆ ಗೊತ್ತು. ಕಥೆ ನಡೆಯೋದು ಒಂದು ಇಳಿಜಾರು ರಸ್ತೆಯಲ್ಲಿ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ಸಾವಿರ ಮೀಟರಿನಷ್ಟು ಇಳಿಬೇಕು. ಪಾಳ್ಯದಲ್ಲಿ ಕೂತಿರೋ ನಮಗೆ ಇದನ್ನ ಜಾಸ್ತಿ ವಿವರಿಸಬೇಕಾಗಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿದವರಿಗೆ ಗೊತ್ತು: ತಿರುವು, ಮಂಜು, ಒಂಟಿ ರಸ್ತೆ. ಅಂಥ ಕಡೆ ಒಬ್ಬ ಮನುಷ್ಯ ಅರೆಜೀವವಾಗಿ ಬಿದ್ದಿದ್ದಾನೆ.

ಯಾಜಕ ಬಂದ, ಹೋದ. ಲೇವಿಯ ಬಂದ, ಹೋದ. ಸಮಾರ್ಯದವನು ನಿಂತ. ನಾವು ಸಾಮಾನ್ಯವಾಗಿ ಪ್ರಸಂಗವನ್ನ ಇಲ್ಲಿಗೇ ನಿಲ್ಲಿಸ್ತೀವಿ. ಆದ್ರೆ ಯೇಸು ಸ್ವಾಮಿ ಕಥೆಯನ್ನ ಮುಂದುವರಿಸಿದ್ರು. ಸಮಾರ್ಯದವನು ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿಕೊಂಡ. ಛತ್ರಕ್ಕೆ ಕರೆದುಕೊಂಡು ಹೋದ. ಆ ರಾತ್ರಿ ಜೊತೆಗಿದ್ದ. ಮಾರನೇ ದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಅಂದ್ರೆ ಎರಡು ದಿನದ ಕೂಲಿ. ಇನ್ನೂ ಖರ್ಚಾದ್ರೆ ವಾಪಸ್ ಬಂದಾಗ ಕೊಡ್ತೀನಿ ಅಂದ.

ಪ್ರಿಯರೇ, ಇವತ್ತು ಈ ಛತ್ರದ ಬಗ್ಗೆ ಮಾತಾಡೋಣ. ಸಮಾರ್ಯದವನಿಗೆ ಪ್ರೀತಿ ಇತ್ತು, ಎಣ್ಣೆನೂ ಇತ್ತು. ಆದ್ರೂ ಈ ಗಾಯಕ್ಕೆ ನನ್ನ ಎಣ್ಣೆ ಒಂದೇ ಸಾಕು ಅಂತ ಅವನು ಅಂದುಕೊಳ್ಳಲಿಲ್ಲ. ನಮ್ಮ ಸಭೆಗಳಲ್ಲಿ ಎಣ್ಣೆ ಇದೆ, ಸ್ತೋತ್ರ. ಛತ್ರದ ದಾರಿ ಗೊತ್ತಿದೆಯಾ?

ಕಾಣದ ಗಾಯ

ಈ ಆಲೂರು–ಸಕಲೇಶಪುರ ಭಾಗದವರಿಗೆ ಕಾಡಾನೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಕಾಫಿ ತೋಟಕ್ಕೆ ಹೋಗೋ ಮುಂಚೆ ಆನೆ ಎಲ್ಲಿದೆ ಅಂತ ಕೇಳ್ಕೊಂಡು ಹೋಗ್ತಾರೆ. ಆನೆ ಕಂಡ ತಕ್ಷಣ ಎದೆ ಹೊಡ್ಕೊಳ್ಳತ್ತೆ, ಕೈಕಾಲು ತಣ್ಣಗಾಗತ್ತೆ. ಅದು ದೇವರು ದೇಹದಲ್ಲಿ ಇಟ್ಟಿರೋ ಅಲಾರಾಂ. ಒಳ್ಳೇದೇ. ಆದ್ರೆ ಆನೆ ಹೋಗಿ ಆರು ತಿಂಗಳಾದ್ಮೇಲೂ ಆ ಅಲಾರಾಂ ರಾತ್ರಿಯೆಲ್ಲ ಬಡೀತಾನೇ ಇದ್ರೆ?

ಇದೇ ಪಾಳ್ಯದಿಂದ ಓದಿ ಬೆಂಗಳೂರಿಗೆ ಹೋಗಿ, ವೈಟ್‌ಫೀಲ್ಡಿನ ಪಿಜಿಯಲ್ಲಿರೋ ಒಬ್ಬ ಹುಡುಗಿಯನ್ನ ಊಹಿಸಿಕೊಳ್ಳಿ. ಅಲ್ಲಿ ಆನೆ ಇಲ್ಲ. ಮ್ಯಾನೇಜರ್ ಮೆಸೇಜ್ ಇದೆ, ಲೇಆಫ್ ಸುದ್ದಿ ಇದೆ, ಮನೆಯ ಸಾಲ ಇದೆ. ರಾತ್ರಿ ಎರಡು ಗಂಟೆಗೆ ಎದೆ ಹೊಡ್ಕೊಳ್ಳತ್ತೆ, ಉಸಿರು ಸಿಗಲ್ಲ, ಈಗಲೇ ಸತ್ತು ಹೋಗ್ತೀನಿ ಅನ್ಸತ್ತೆ. ಡಾಕ್ಟರು ಅದನ್ನ ಪ್ಯಾನಿಕ್ ಅಟ್ಯಾಕ್ ಅಂತಾರೆ. ಭಾನುವಾರ ಅವಳು ಸಭೆಗೆ ಬಂದು ಹೇಳಿಕೊಂಡ್ರೆ ನಾವು ಏನಂತೀವಿ? ಒಬ್ಬರು, ವಿಶ್ವಾಸ ಕಡಿಮೆ ಆಗಿದೆ ಅಂತಾರೆ. ಇನ್ನೊಬ್ಬರು, ದುರಾತ್ಮ ಅಂತಾರೆ. ಮೂರನೆಯವರು, ಮಾತ್ರೆ ಬಿಡು ಸಹೋದರಿ, ಯೇಸುವೇ ವೈದ್ಯ ಅಂತಾರೆ. ಮೂವರೂ ಪ್ರೀತಿಯಿಂದಲೇ ಹೇಳಿರಬಹುದು. ಆದ್ರೆ ಮನೆಗೆ ಹೋಗುವಾಗ ಅವಳ ಹತ್ರ ಮೊದಲಿದ್ದ ಒಂದು ಭಾರದ ಮೇಲೆ ಇನ್ನೂ ಮೂರು ಸೇರಿವೆ.

ಡಿಸೆಂಬರ್ 4, 2023 ನೆನಪಿದೆಯಾ? ಇಲ್ಲೇ ಸಕಲೇಶಪುರ ತಾಲೂಕಿನ ಯಸಳೂರು ಭಾಗದಲ್ಲಿ ದಸರಾ ಆನೆ ಅರ್ಜುನ ಕಾಡಾನೆ ಜೊತೆ ಕಾದಾಡಿ ಸತ್ತ. ಅವನ ಮಾವುತ ಅತ್ತಿದ್ದನ್ನ ಇಡೀ ಕರ್ನಾಟಕ ನೋಡ್ತು. ಇಷ್ಟೊಂದು ಯಾಕೆ ಅಳ್ತೀಯ, ಸ್ತೋತ್ರ ಹೇಳು ಅಂತ ಅವರಿಗೆ ಯಾರೂ ಹೇಳಲಿಲ್ಲ. ಜನರೂ ಜೊತೆಗೆ ಅತ್ರು. ಆನೆ ಕಳಕೊಂಡವರಿಗೆ ಅಳೋಕೆ ಅನುಮತಿ ಕೊಟ್ಟ ನಾವು, ತಾಯಿಯನ್ನ ಕಳಕೊಂಡ ಸಹೋದರನಿಗೆ ಮೂರನೇ ಭಾನುವಾರಕ್ಕೇ ಕೈಯೆತ್ತಿ ಹಾಡು ಅಂತೀವಲ್ಲ, ಇದು ನ್ಯಾಯನಾ? ಲಾಜರನ ಸಮಾಧಿ ಮುಂದೆ ಯೇಸು ಕಣ್ಣೀರಿಟ್ಟರು. ಇನ್ನು ಕೆಲವೇ ನಿಮಿಷದಲ್ಲಿ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು.

ಎರಡೂ ಬಲ್ಲವರು

ಪ್ರಾರ್ಥನೆ ಒಂದು ಕಡೆ, ಸೈಕಾಲಜಿ ಇನ್ನೊಂದು ಕಡೆ, ಯಾವುದಾದ್ರೂ ಒಂದು ಆರಿಸ್ಕೋ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದ್ರೆ ಎರಡನ್ನೂ ಕಲಿತು ಸೇವೆ ಮಾಡೋರು ಇದ್ದಾರೆ. ಇದು ಹೊಸದೂ ಅಲ್ಲ.

ಅಮೆರಿಕದಲ್ಲಿ ಆಂಟನ್ ಬೋಯ್ಸನ್ ಅಂತ ಒಬ್ಬ ದೇವಸೇವಕರಿದ್ರು. 1920ರಲ್ಲಿ ಅವರ ಮನಸ್ಸಿನ ಸಮತೋಲನ ತಪ್ಪಿ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯ್ತು. ಚೇತರಿಸಿಕೊಂಡ ಮೇಲೆ ಅವರು ಅದನ್ನ ಮುಚ್ಚಿಡಲಿಲ್ಲ. ವುಸ್ಟರ್ ಸ್ಟೇಟ್ ಆಸ್ಪತ್ರೆಯ ಚಾಪ್ಲಿನ್ ಆಗಿ, 1925ರಲ್ಲಿ ಥಿಯಾಲಜಿ ವಿದ್ಯಾರ್ಥಿಗಳನ್ನ ಅಲ್ಲಿಗೇ ಕರೆಸಿ ತರಬೇತಿ ಶುರು ಮಾಡಿದ್ರು. ನೀವು ಪುಸ್ತಕ ಓದ್ತೀರಿ, ನೊಂದ ಮನುಷ್ಯನನ್ನೂ ಅಷ್ಟೇ ಗಮನದಿಂದ ಓದೋದು ಕಲೀರಿ ಅನ್ನೋದು ಅವರ ಪಾಠ. ಇವತ್ತು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಚಾಪ್ಲಿನ್‌ಗಳಿಗೆ ಕೊಡೋ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಹುಟ್ಟಿದ್ದು ಹೀಗೆ.

ನಮ್ಮ ಬೆಂಗಳೂರಿಗೇ ಬನ್ನಿ. 1964ರಲ್ಲಿ ಇಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಶುರುವಾಯ್ತು. ಹೆಸರಲ್ಲೇ ನೋಡಿ: ವೈದ್ಯರು ಮತ್ತು ಪಾಸ್ಟರುಗಳು, ಒಂದೇ ಮೇಜು. ಆ ಸಂಸ್ಥೆ ಮಾನಸಿಕ ಕಾಯಿಲೆಯವರಿಗಾಗಿ ಹಾಫ್‌ವೇ ಹೋಮ್ ನಡೆಸ್ತು. ಹಾಫ್‌ವೇ ಹೋಮ್ ಅಂದ್ರೆ, ಆಸ್ಪತ್ರೆಯಿಂದ ಬಿಡುಗಡೆ ಆಗಿದೆ, ಆದ್ರೆ ಇನ್ನೂ ಮನೆಗೆ ಹೋಗುವಷ್ಟು ಶಕ್ತಿ ಬಂದಿಲ್ಲ, ಅಂಥವರು ನಡುದಾರಿಯಲ್ಲಿ ಇರೋ ಜಾಗ. ಪ್ರಿಯರೇ, ಇದಕ್ಕೆ ಲೂಕನ ಸುವಾರ್ತೆಯಲ್ಲಿ ಏನು ಹೆಸರು? ಛತ್ರ! ಆಮೆನ್? ಮುಂದೆ 2002ರಲ್ಲಿ ಇದೇ ಸಂಸ್ಥೆ ನಿಮ್ಹಾನ್ಸ್ ಮತ್ತು ರೋಟರಿಯವರ ಜೊತೆ ಸೇರಿ, ಸಾಯಬೇಕು ಅನ್ನಿಸುವವರ ಮಾತು ಕೇಳೋಕೆ ‘ಸಹಾಯ್’ ಅನ್ನೋ ಹೆಲ್ಪ್‌ಲೈನ್ ಶುರು ಮಾಡ್ತು.

ಹಾಗಾದ್ರೆ ಎರಡೂ ಬಲ್ಲವರು ಏನು ವ್ಯತ್ಯಾಸ ಮಾಡ್ತಾರೆ? ಆ ಪಿಜಿ ಹುಡುಗಿ ಹೇಳ್ತಾಳೆ, ದೇವರು ನನ್ನ ಕೈ ಬಿಟ್ಟಿದ್ದಾರೆ ಅಂತ. ಅವಸರದ ವಿಶ್ವಾಸಿ ತಕ್ಷಣ ಒಂದು ವಚನ ಹೇಳಿ ಬಾಯಿ ಮುಚ್ಚಿಸ್ತಾನೆ. ನಂಬಿಕೆಯ ಭಾಷೆ ಗೊತ್ತಿಲ್ಲದ ಥೆರಪಿಸ್ಟ್ ಆ ಮಾತನ್ನ ಪಕ್ಕಕ್ಕಿಟ್ಟು ಮುಂದಿನ ಪ್ರಶ್ನೆಗೆ ಹೋಗಿಬಿಡಬಹುದು. ಎರಡೂ ಬಲ್ಲವರು ಅಲ್ಲೇ ನಿಲ್ತಾರೆ. ಯಾವಾಗಿನಿಂದ ಹಾಗನ್ನಿಸ್ತಿದೆ? ಆ ದೇವರ ದನಿ ಯಾರ ದನಿ ಥರ ಕೇಳತ್ತೆ? ಕೆಲವು ಸಲ ಅದು ಬಯ್ಯೋ ಅಪ್ಪನ ದನಿ ಆಗಿರತ್ತೆ, ದೇವರದಲ್ಲ. ಜೊತೆಗೆ ಊಟ, ನಿದ್ದೆ ಹೇಗಿದೆ ಕೇಳ್ತಾರೆ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳ್ತಾರೆ. ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗತ್ತೆ ಅಂತ ಭಯ ಬೇಡ. ಕೇಳಿಸಿಕೊಂಡವರಿಗೆ ಭಾರ ಇಳಿಯತ್ತೆ. ಔಷಧಿ ಬೇಕು ಅನ್ನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತಾರೆ. ಅವಳಿಗೆ ಇಷ್ಟ ಇದ್ರೆ ಮಾತ್ರ, ಕೇಳಿ, ಪ್ರಾರ್ಥನೆ ಮಾಡ್ತಾರೆ.

ಯಾರ ಹತ್ರ ಹೋಗ್ತೀರಿ, ನೋಡಿ ಹೋಗಿ

ಛತ್ರ ಅಂತ ಬೋರ್ಡ್ ಹಾಕಿದ್ದೆಲ್ಲ ಛತ್ರ ಅಲ್ಲ. ಎರಡು ವಾರದ ಕೋರ್ಸ್ ಮಾಡಿ ‘ಕ್ರಿಶ್ಚಿಯನ್ ಕೌನ್ಸೆಲರ್’ ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಳ್ಳೋದು ಸುಲಭ. ಆದ್ದರಿಂದ ಇದನ್ನ ಬರ್ಕೊಳ್ಳಿ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಔಷಧಿ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡ್ತಾರೆ. ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ನಂಬರ್ ಕೇಳಿ, ಅದು ಅವಮಾನ ಅಲ್ಲ. ಆಪ್ತಸಮಾಲೋಚಕರಾದ್ರೆ ಎಲ್ಲಿ, ಎಷ್ಟು ವರ್ಷ ಓದಿದ್ರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡ್ತೀರಿ ಅಂತ ಕೇಳಿ. ನಾನು ಹೇಳಿದ್ದು ಯಾರಿಗೆಲ್ಲ ಗೊತ್ತಾಗತ್ತೆ ಅಂತಾನೂ ಕೇಳಿ. ನಿಮ್ಮ ಗುಟ್ಟು ಮುಂದಿನ ಭಾನುವಾರ ಪ್ರಾರ್ಥನಾ ವಿಷಯವಾಗಿ ವಾಟ್ಸಾಪ್ ಗ್ರೂಪಿಗೆ ಬಂದ್ರೆ ಅದು ಸಮಾಲೋಚನೆ ಅಲ್ಲ, ಚಾಡಿ.

ಪ್ರಾರ್ಥನೆ ಮಾಡಿದ್ದೀನಿ, ಇನ್ನು ಮಾತ್ರೆ ನಿಲ್ಲಿಸು ಅಂತ ಯಾರು ಹೇಳಿದ್ರೂ, ಅವರ ಅಭಿಷೇಕ ಎಷ್ಟೇ ದೊಡ್ಡದಿದ್ರೂ, ಕೇಳಬೇಡಿ. ಖಿನ್ನತೆಯ ಔಷಧಿ ಕೆಲಸ ಶುರು ಮಾಡೋಕೇ ಕೆಲವು ವಾರ ಬೇಕು. ಅದನ್ನ ಒಮ್ಮೆಗೇ ನಿಲ್ಲಿಸಿದ್ರೆ ತೊಂದರೆ ಆಗತ್ತೆ. ನಾವು ಉಪವಾಸದ ಜನ, ಅದಕ್ಕೇ ಇನ್ನೊಂದು ಮಾತು. ಲಿಥಿಯಂ ತಗೊಳ್ಳುವವರು ನೀರು ಬಿಟ್ಟು ಉಪವಾಸ ಮಾಡಿದ್ರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಡಾಕ್ಟರನ್ನ ಕೇಳದೆ ಉಪವಾಸ ಕೂರಬೇಡಿ. ದೇವರು ನಿಮ್ಮ ಕಿಡ್ನಿಯನ್ನೂ ಸೃಷ್ಟಿ ಮಾಡಿದವರು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ನಂಬಿಕೆಯಿಂದ ವಾಸಿಯಾಗತ್ತೆ ಅಂತ ಕುಟುಂಬದವರು ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿದ್ರು. ಸರಪಳಿ ಹಾಕಿದ್ದರಿಂದ ಓಡೋಕಾಗಲಿಲ್ಲ. 28 ಜನ ಸತ್ತರು. ಅದು ಬೇರೆ ಧರ್ಮದವರ ಜಾಗ ಅಂತ ಬೆರಳು ತೋರಿಸಬೇಡಿ. ನಮ್ಮ ಪ್ರಾರ್ಥನಾ ಮನೆಗಳಲ್ಲಿ ಬಿಡುಗಡೆಯ ಹೆಸರಲ್ಲಿ ಕಟ್ಟಿಹಾಕೋದು, ಹೊಡೆಯೋದು ನಡೆದ್ರೆ ನಾವೂ ಅದೇ ದಾರಿಯಲ್ಲಿದ್ದೀವಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕೋದನ್ನ ನಿಷೇಧಿಸಿದೆ. ಕಾನೂನಿಗಿಂತ ಮುಂಚೆ ಯೇಸು ನಿಷೇಧಿಸಿದ್ದಾರೆ. ಜನ ಸರಪಳಿಯಿಂದ ಕಟ್ಟುತ್ತಿದ್ದ, ಸಮಾಧಿಗಳ ನಡುವೆ ಇದ್ದ ಮನುಷ್ಯ ಅವರ ಭೇಟಿ ಆದ್ಮೇಲೆ ಬಟ್ಟೆ ಹಾಕ್ಕೊಂಡು, ಸ್ವಸ್ಥಬುದ್ಧಿಯಿಂದ ಅವರ ಪಾದದ ಹತ್ರ ಕೂತಿದ್ದ.

ಸಭೆಯ ಕೆಲಸ ಮುಗಿಯಲ್ಲ

ಛತ್ರಕ್ಕೆ ಕಳಿಸಿದ್ವಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ ಅನ್ನೋ ಹಾಗಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತು ಜನಕ್ಕಿಂತ ಹೆಚ್ಚು ಮಂದಿಗೆ ಯಾವುದಾದ್ರೂ ಮಾನಸಿಕ ಕಾಯಿಲೆ ಇದೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಗ್ತಿಲ್ಲ. ನಿಮ್ಮ ಸಾಲಿನಲ್ಲಿ ಹತ್ತು ಜನ ಕೂತಿದ್ರೆ ಲೆಕ್ಕ ಹಾಕಿ.

ಸಮಾರ್ಯದವನು ಮೂರು ಕೆಲಸ ಮಾಡಿದ. ಹೊತ್ತುಕೊಂಡು ಹೋದ. ನೀವೂ ಮೊದಲ ಅಪಾಯಿಂಟ್‌ಮೆಂಟಿಗೆ ಗೆಳೆಯನ ಜೊತೆ ಹೋಗಿ, ಹೊರಗಿನ ಬೆಂಚಲ್ಲಿ ಕಾಯಿರಿ. ದುಡ್ಡು ಕೊಟ್ಟ. ಥೆರಪಿಗೆ ದುಡ್ಡು ಬೇಕು, ಒಂದು ಸಲದ ಮಾತುಕತೆಗೆ ಮುಗಿಯಲ್ಲ. ಹೊಸ ಸ್ಪೀಕರ್‌ಗೆ ಕಾಣಿಕೆ ಎತ್ತೋ ಯುವಜನರು ಒಬ್ಬ ತಂಗಿಯ ಆರು ಸೆಷನ್‌ಗೂ ಕಾಣಿಕೆ ಎತ್ತಬಹುದು, ಹೆಸರು ಹೇಳದೆ. ಮೂರನೇದು, ವಾಪಸ್ ಬರ್ತೀನಿ ಅಂದ. ಇದೇ ಕಷ್ಟದ್ದು. ಮೊದಲ ವಾರ ಎಲ್ಲರೂ ಫೋನ್ ಮಾಡ್ತಾರೆ. ಆರನೇ ತಿಂಗಳಲ್ಲಿ ಯಾರು ಮಾಡ್ತಾರೆ? ಛತ್ರದವನು ಗಾಯ ನೋಡಿಕೊಳ್ಳಬಲ್ಲ. ನಿನಗಾಗಿ ಒಬ್ಬರು ಬರ್ತಾರೆ ಅನ್ನೋ ಕಾಯುವಿಕೆಯನ್ನ ಸಭೆ ಮಾತ್ರ ಕೊಡಬಲ್ಲದು.

ಈಗ, ತಲೆ ತಗ್ಗಿಸಿ ಕೂತಿರೋ ನಿನಗೆ. ನೀನು ಈ ವಾರ ಬದುಕೋದು ಸಾಕು ಅಂದುಕೊಂಡಿದ್ರೆ, ಅದು ನಿನ್ನ ವಿಶ್ವಾಸದ ಸೋಲಲ್ಲ. ಸೂರೆಗಿಡದ ಕೆಳಗೆ ಮಲಗಿ ಸಾಯಬೇಕು ಅಂದ ಎಲೀಯನಿಗೆ ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ ಕೊಟ್ಟರು, ರೊಟ್ಟಿ ಕೊಟ್ಟರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಇವತ್ತು ರಾತ್ರಿ ಒಬ್ಬರಿಗೆ ಹೇಳು. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್. ಹಗಲು ರಾತ್ರಿ ಇರತ್ತೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಊರಲ್ಲಿರುವವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವಾಗ ಅಂತ ಕೇಳಿ. ಹಾಸನದಲ್ಲಿ ಹಿಮ್ಸ್ ಇದೆ. ಸಭೆಯ ನಂತರ ನಾವು ಇಲ್ಲೇ ಇರ್ತೀವಿ. ಪ್ರಾರ್ಥನೆನೂ ಮಾಡ್ತೀವಿ, ಜೊತೆಗೂ ಬರ್ತೀವಿ.

ಪ್ರಾರ್ಥಿಸೋಣ.

ಕರ್ತನೇ, ನೀನು ದಾಟಿ ಹೋಗದೆ ನಿಂತೆ, ಸ್ತೋತ್ರ. ನಮ್ಮ ಕೈಯಲ್ಲಿರೋ ಎಣ್ಣೆಗೆ ಸ್ತೋತ್ರ. ನಮಗಿಂತ ಹೆಚ್ಚು ಕಲಿತ ಕೈಗಳಿಗೂ ಸ್ತೋತ್ರ. ಗಾಯಾಳುಗಳ ಜೊತೆ ಕೂರುವ ವೈದ್ಯರಿಗೆ, ಸಮಾಲೋಚಕರಿಗೆ, ಚಾಪ್ಲಿನ್‌ಗಳಿಗೆ ಬಲ ಕೊಡು; ಅವರೂ ದಣೀತಾರೆ. ಈ ರಾತ್ರಿ ಅಲಾರಾಂ ಬಡಿಯುತ್ತಿರೋ ಪ್ರತಿ ಎದೆಗೆ ನಿದ್ದೆ ಕೊಡು. ಹೇಳಬೇಕಾದವರಿಗೆ ಬಾಯಿ ಕೊಡು, ಕೇಳಬೇಕಾದವರಿಗೆ ಕಿವಿ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.